ಮಗನ ನೆತ್ತಿಯ ಎರಡು ಸುಳಿ

ನನ್ನ ಮಗನ ತಲೆಯಲ್ಲಿ ಎರಡು ಸುಳಿಗಳಿವೆ. ಅವನು ಹುಟ್ಟಿದ ವಾರವೇ ಮನೆಮಂದಿಗೆಲ್ಲ ಅದು ಗೊತ್ತಾಗಿತ್ತು. ಮಗುವಿಗೆ ನೀರೆರೆಯಲು ಕುಳಿತ ಅತ್ತೆಯವರು ಒದ್ದೆ ಕೂದಲನ್ನು ಬೆರಳಿನಿಂದ ಸರಿಸಿ ನೋಡಿ, "ಎರಡು ಸುಳಿ ಇದೆಯಲ್ಲ, ಇವನಿಗೆ ಎರಡು ಮದುವೆ" ಎಂದು ನಕ್ಕಿದ್ದರು. ಅವನಿಗೆ ತನ್ನ ಸುಳಿಯ ಪರಿಚಯವಾದದ್ದು ಮಾತ್ರ ಇಪ್ಪತ್ತರ ವಯಸ್ಸಿನಲ್ಲಿ, ಅದೂ ಬೊಕ್ಕತಲೆಯಾಗುತ್ತಿದೆ ಎಂಬ ಭಯದ ಮೂಲಕ. ಮಂಗಳೂರಿನ ಹಾಸ್ಟೆಲ್ಲಿನಿಂದ ಒಂದು ರಾತ್ರಿ ಫೋಟೋ ಕಳಿಸಿದ. ಸ್ನಾನ ಮಾಡಿ ಬಂದು, ಟ್ಯೂಬ್‌ಲೈಟಿನ ಕೆಳಗೆ ನಿಂತು, ಗೆಳೆಯನ ಕೈಯಲ್ಲಿ ತೆಗೆಸಿಕೊಂಡ ನೆತ್ತಿಯ ಚಿತ್ರ. ಕಪ್ಪು ಕೂದಲಿನ ನಡುವೆ ಬೆಳ್ಳಗೆ ಚರ್ಮ ಕಾಣುತ್ತಿತ್ತು. ಅದರ ಕೆಳಗೆ ಒಂದೇ ಸಾಲು: "ಅಮ್ಮ, ದೊಡ್ಡಪ್ಪನ ಹಾಗೆ ಆಗುತ್ತಿದೆ."

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳಿಂದ ಹೃದಯದ ಚಿತ್ರ ಬರೆಸುತ್ತೇನೆ, ಕಣ್ಣಿನ ಭಾಗಗಳನ್ನು ಗುರುತಿಸಲು ಹೇಳಿಕೊಡುತ್ತೇನೆ. ತಲೆಯ ಸುಳಿಯ ಬಗ್ಗೆ ಪಾಠ ಮಾಡುವ ಸಂದರ್ಭ ಎಂದೂ ಬಂದಿರಲಿಲ್ಲ. ಆ ಫೋಟೋ ಬಂದ ಮೇಲೆ ಓದಿದೆ, ವೈದ್ಯರನ್ನು ಕೇಳಿದೆ, ತರಗತಿಯಲ್ಲಿ ತಲೆ ತಗ್ಗಿಸಿ ಬರೆಯುವ ಮಕ್ಕಳ ನೆತ್ತಿಗಳನ್ನು ಗಮನಿಸತೊಡಗಿದೆ. ಪರಿಚಯದವರಲ್ಲಿ ವಿಷಯ ತೆಗೆದಾಗ, ಇದೇ ಭಯವನ್ನು ಯಾರಿಗೂ ಹೇಳದೆ ಒಳಗೊಳಗೇ ಅನುಭವಿಸುತ್ತಿರುವ ಹುಡುಗರು ನಮ್ಮ ಸುತ್ತಲೂ ಇದ್ದಾರೆ ಎಂದು ಗೊತ್ತಾಯಿತು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸುಳಿ ಬೇರೆ, ಕೂದಲು ಉದುರುವುದು ಬೇರೆ, ಬೊಕ್ಕತಲೆ ಬೇರೆ. ಮೊಬೈಲಿನ ಒಂದು ಚಿತ್ರದಲ್ಲಿ ಮೂರೂ ಒಂದೇ ಆಗಿ ಕಾಣುತ್ತವೆ. ಅವುಗಳನ್ನು ಬಿಡಿಸಿ ನೋಡಲು ಕಲಿತರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ, ಉಳಿದ ಅರ್ಧಕ್ಕೆ ವೈದ್ಯರಲ್ಲಿ ಉತ್ತರವಿದೆ.

ನೆತ್ತಿಯ ಹಿಂಭಾಗ ನಮಗೆ ನಾವೇ ಕಾಣದ ಜಾಗ. ಎಣ್ಣೆ ಹಚ್ಚುವ ಅಮ್ಮನಿಗೆ ಅದು ಗೊತ್ತು, ಕತ್ತರಿ ಹಿಡಿದ ಕ್ಷೌರಿಕರಿಗೆ ಗೊತ್ತು, ಬಸ್ಸಿನಲ್ಲಿ ನಮ್ಮ ಸೀಟಿನ ಪಕ್ಕ ಕಂಬಿ ಹಿಡಿದು ನಿಂತವರಿಗೂ ಗೊತ್ತು. ನಮ್ಮ ಹಿರಿಯರು ತಮ್ಮ ನೆತ್ತಿಯನ್ನು ಒಮ್ಮೆಯೂ ನೋಡದೆ ಬದುಕು ಮುಗಿಸಿದರು, ಅದರಿಂದ ಅವರಿಗೇನೂ ಕೊರತೆಯಾಗಲಿಲ್ಲ. ಈಗ ಮಡಿಕೇರಿಯ ಬೇಕರಿಯೊಂದಕ್ಕೆ ಹೋದರೂ ಗಲ್ಲಾದ ಹತ್ತಿರ ಸಿಸಿಟಿವಿಯ ಪರದೆ ಇರುತ್ತದೆ. ಬನ್ನು ಕಟ್ಟಿಸಿಕೊಳ್ಳುತ್ತಾ ತಲೆ ಎತ್ತಿದರೆ ಮೇಲಿನಿಂದ ಹಿಡಿದ ನಮ್ಮದೇ ತಲೆ ಅಲ್ಲಿ ಕಾಣುತ್ತದೆ. ಸೂರಿನ ದೀಪದ ಬೆಳಕು ನೇರವಾಗಿ ನೆತ್ತಿಗೆ ಬಿದ್ದು, ಸುಳಿಯ ಜಾಗ ಹೊಳೆಯುತ್ತದೆ. ಮಗನಿಗೆ ಮೊದಲ ಅನುಮಾನ ಬಂದದ್ದೂ ಹಾಗೆಯೇ, ಕಾಲೇಜಿನ ಹತ್ತಿರದ ಅಂಗಡಿಯೊಂದರ ಪರದೆಯಲ್ಲಿ. ಹತ್ತು ವರ್ಷಗಳ ಹಿಂದೆ ಆ ಜಾಗ ಹೇಗಿತ್ತು ಎಂದು ಗೊತ್ತಿಲ್ಲದವನಿಗೆ ಇಂದು ಕಂಡದ್ದೆಲ್ಲ ಇಂದೇ ಆದದ್ದು ಎನಿಸುತ್ತದೆ. ಎಲ್ಲ ಗೊಂದಲದ ಬೇರು ಇಲ್ಲಿದೆ ಎಂದು ನನ್ನ ಅನಿಸಿಕೆ.

ಸುಳಿ ಮೂಡುವುದು ತಾಯಿಯ ಗರ್ಭದಲ್ಲಿ. ಭ್ರೂಣಕ್ಕೆ ಮೂರು ತಿಂಗಳಾಗುವ ಹೊತ್ತಿಗೆ ತಲೆಯ ಚರ್ಮದಲ್ಲಿ ರೋಮಕೂಪಗಳು ಹುಟ್ಟಿಕೊಳ್ಳತೊಡಗುತ್ತವೆ. ಅವು ನೇರವಾಗಿ ಕೆಳಗಿಳಿಯದೆ ಓರೆಯಾಗಿ ಇಳಿಯುತ್ತವೆ, ಆ ಓರೆಯೇ ಮುಂದೆ ಕೂದಲು ಮಲಗುವ ದಿಕ್ಕನ್ನು ನಿರ್ಧರಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯ ಡೇವಿಡ್ ಸ್ಮಿತ್ ಮತ್ತು ಅವರ ಸಹೋದ್ಯೋಗಿ ಗಾಂಗ್ 1970ರ ದಶಕದಲ್ಲಿ ಇದರ ಬಗ್ಗೆ ಒಂದು ವಿವರಣೆ ಕೊಟ್ಟರು. ಹತ್ತರಿಂದ ಹದಿನಾರನೆಯ ವಾರದ ನಡುವೆ ಮೆದುಳು ಬೇಗ ಬೇಗ ಬೆಳೆದು ಉಬ್ಬುವಾಗ ಮೇಲಿನ ಚರ್ಮ ಎಳೆತಕ್ಕೆ ಒಳಗಾಗುತ್ತದೆ, ಆ ಎಳೆತದ ಕೇಂದ್ರದ ಸುತ್ತ ಕೂದಲು ಸುತ್ತಿಕೊಳ್ಳುತ್ತದೆ ಎಂಬುದು ಅವರ ವಾದ. ಮೆದುಳು ಸರಿಯಾಗಿ ಬೆಳೆಯದ ಶಿಶುಗಳಲ್ಲಿ ಕೂದಲ ವಿನ್ಯಾಸವೂ ಬೇರೆಯಾಗಿದ್ದುದನ್ನು ಅವರು ಗಮನಿಸಿದ್ದರು. ಎಳೆತ ಒಂದೇ ಎಲ್ಲವನ್ನೂ ಮಾಡುವುದಿಲ್ಲ, ವಂಶವಾಹಿಗಳ ಪಾತ್ರವೂ ಇದೆ. 2004ರಲ್ಲಿ ಫ್ರಿಜಲ್ಡ್-6 ಎಂಬ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳ ಮೈಮೇಲೆ ಇಲ್ಲದ ಕಡೆ ಸುಳಿಗಳು ಎದ್ದವು. ಚರ್ಮದ ಪ್ರತಿ ಕೋಶಕ್ಕೂ ಹಿಂದು ಯಾವುದು, ಮುಂದು ಯಾವುದು ಎಂಬ ತಿಳಿವಳಿಕೆ ಕೊಡುವ ವ್ಯವಸ್ಥೆಯಲ್ಲಿ ಆ ವಂಶವಾಹಿಯೂ ಸೇರಿದೆ.

ಹುಟ್ಟಿದ ಮೇಲೆ ಹೊಸ ರೋಮಕೂಪಗಳು ಹುಟ್ಟುವುದಿಲ್ಲ. ತಲೆ ದೊಡ್ಡದಾದಂತೆ ಇದ್ದವೇ ದೂರ ದೂರ ಸರಿಯುತ್ತವೆ. ಸುಳಿ ಇದ್ದಲ್ಲೇ ಇರುತ್ತದೆ. ತಲೆ ಬೋಳಿಸಿದರೂ ಮತ್ತೆ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ತಿರುಗಿಕೊಂಡು ಬರುತ್ತದೆ. ಹೆಚ್ಚಿನವರಿಗೆ ಒಂದೇ ಸುಳಿ, ಅದೂ ತಲೆಯ ನಟ್ಟನಡುವೆ ಇರದೆ ಸ್ವಲ್ಪ ಬದಿಗೆ ಸರಿದಿರುತ್ತದೆ. ಎರಡು ಸುಳಿ ಇರುವವರು ನೂರರಲ್ಲಿ ಬೆರಳೆಣಿಕೆಯಷ್ಟು ಮಂದಿ. ಬಹುಪಾಲು ಸುಳಿಗಳು ಬಲಮುರಿ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದವು. ಎಡಮುರಿ ಕಡಿಮೆ. ನನ್ನ ಮಗನ ಎರಡು ಸುಳಿಗಳಲ್ಲಿ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಹಾಗಾಗಿ ನಡುವೆ ಸಿಕ್ಕಿದ ಕೂದಲು ಯಾವ ಬಾಚಣಿಗೆಗೂ ಮಣಿಯದೆ ಎದ್ದು ನಿಲ್ಲುತ್ತದೆ. ಶಾಲೆಗೆ ಹೋಗುವಾಗ ನೀರು ಹಚ್ಚಿ ಒತ್ತಿ ಕಳಿಸುತ್ತಿದ್ದೆ, ಗೇಟು ದಾಟುವಷ್ಟರಲ್ಲಿ ಅದು ಎದ್ದಿರುತ್ತಿತ್ತು.

ಈ ದಿಕ್ಕಿನ ವಿಷಯಕ್ಕೂ ಒಂದು ಕಥೆಯಿದೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ತಳಿವಿಜ್ಞಾನಿ ಅಮರ್ ಕ್ಲಾರ್ 2003ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಲಗೈ ಬಳಸುವವರಲ್ಲಿ ನೂರಕ್ಕೆ ಎಂಟರಷ್ಟು ಮಂದಿಗೆ ಮಾತ್ರ ಎಡಮುರಿ ಸುಳಿ ಇರುತ್ತದೆ, ಎಡಗೈಯವರಲ್ಲಿ ಅದು ಎಡಕ್ಕೋ ಬಲಕ್ಕೋ ಸಮಸಮ, ಆದ್ದರಿಂದ ಎರಡಕ್ಕೂ ಮೂಲ ಒಂದೇ ಎಂದರು. ಕೇಳಲು ಎಷ್ಟು ಚೆಂದ! ಬೇರೆಯವರು ಮತ್ತೆ ಪರೀಕ್ಷಿಸಿದಾಗ ಆ ನಂಟು ಸಿಗಲಿಲ್ಲ. ಚೀನಾದ ಸಂಶೋಧಕರು 2023ರಲ್ಲಿ ಸುಮಾರು ನಾಲ್ಕು ಸಾವಿರ ಜನರ ವಂಶವಾಹಿಗಳನ್ನು ಜಾಲಾಡಿ, ಸುಳಿಯ ದಿಕ್ಕಿನ ಮೇಲೆ ಪ್ರಭಾವ ಬೀರುವ ನಾಲ್ಕು ತಾಣಗಳನ್ನು ಗುರುತಿಸಿದರು. ಒಂದೇ ವಂಶವಾಹಿಯ ಆಟ ಇದಲ್ಲ ಎಂದು ಅದರಿಂದ ಸ್ಪಷ್ಟವಾಯಿತು. ಸ್ವಭಾವ, ಬುದ್ಧಿಶಕ್ತಿಗಳೊಡನೆ ಸುಳಿಯ ದಿಕ್ಕಿಗೆ ಸಂಬಂಧ ಅವರಿಗೂ ಕಾಣಲಿಲ್ಲ.

ಸುಳಿಯಿಂದ ಭವಿಷ್ಯ ಹೇಳುವುದು ನಮ್ಮಲ್ಲಿ ಹಳೆಯ ರೂಢಿ. ಎರಡು ಸುಳಿಯಿದ್ದರೆ ಎರಡು ಮದುವೆ, ಇಲ್ಲವೇ ಹಟಮಾರಿ, ಇಲ್ಲವೇ ಬೆನ್ನಿಗೆ ಗಂಡು ಮಗು. ಉಳುವ ಎತ್ತು ಕೊಳ್ಳಲು ಹೋದ ಹಿರಿಯರು ಹಲ್ಲು ನೋಡಿದ ಮೇಲೆ ಸುಳಿಯನ್ನೂ ನೋಡುತ್ತಿದ್ದರು. ಕೆಟ್ಟ ಸುಳಿಯ ಎತ್ತು ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಬೆಲೆ ಬರುತ್ತಿರಲಿಲ್ಲ. ಇದನ್ನು ಹೇಳಿ ನಗುವುದು ನನಗೆ ಇಷ್ಟವಿಲ್ಲ. ದನದ ವಿಷಯದಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ದನಗಳು ಕಟ್ಟಿಹಾಕಿದಾಗ ಹೆಚ್ಚು ಗಾಬರಿಪಡುತ್ತಿದ್ದವು ಎಂದು ಅವರು ಕಂಡುಕೊಂಡರು. ದನದ ಜೊತೆಯಲ್ಲೇ ಬದುಕಿದ ನಮ್ಮವರ ಕಣ್ಣಿಗೂ ಏನೋ ಕಂಡಿರಬಹುದು. ಮನುಷ್ಯರ ಮದುವೆಯ ಲೆಕ್ಕಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಹಾಗಿದ್ದೂ ಅತ್ತೆಯವರ ಆ ಮಾತಿಗೆ ನಾನು ಇಂದಿಗೂ ಋಣಿ. ಮಗುವಿನ ತಲೆಯನ್ನು ಅಷ್ಟು ಗಮನವಿಟ್ಟು ನೋಡಿ, ಎರಡು ಸುಳಿ ಇದೆ ಎಂದು ಹತ್ತು ಜನರ ಮುಂದೆ ಹೇಳಿದ್ದರಿಂದಲೇ ಅದು ಇಪ್ಪತ್ತು ವರ್ಷಗಳ ನಂತರವೂ ನೆನಪಿನಲ್ಲಿ ಉಳಿಯಿತು.

ಇನ್ನು ಸುಳಿಯಲ್ಲಿ ಚರ್ಮ ಏಕೆ ಕಾಣುತ್ತದೆ ಎಂಬ ವಿಚಾರ. ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ನಮ್ಮ ಗದ್ದೆಗೆ ಬಂದು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಬಲಿತ ಪೈರು ಗಾಳಿಗೆ ಒಂದೇ ಕಡೆ ವಾಲಿದ್ದರೆ ಒಂದರ ಬುಡವನ್ನು ಇನ್ನೊಂದರ ತೆನೆ ಮುಚ್ಚುತ್ತದೆ, ಕೆಳಗಿನ ಕೆಸರು ಕಾಣುವುದೇ ಇಲ್ಲ. ಎಲ್ಲೋ ಒಂದು ಕಡೆ ಗಾಳಿ ಸುತ್ತಿ ಹೊಡೆದು ಪೈರು ನಾಲ್ಕು ದಿಕ್ಕಿಗೆ ಒರಗಿತೆನ್ನಿ, ಆ ನಡುವಿನಲ್ಲಿ ನೆಲ ಬಾಯಿ ಬಿಡುತ್ತದೆ. ಅಲ್ಲಿ ನಟ್ಟ ಪೈರು ಕಡಿಮೆಯೇನಲ್ಲ, ಮುಚ್ಚುವವರಿಲ್ಲ ಅಷ್ಟೇ. ಸುಳಿಯ ಕೇಂದ್ರದಲ್ಲಿ ಆಗುವುದೂ ಇದೇ. ಅಲ್ಲಿಂದ ಕೂದಲು ಎಲ್ಲ ದಿಕ್ಕಿಗೂ ಹೊರಳುವುದರಿಂದ ಕೇಂದ್ರದ ಚರ್ಮದ ಮೇಲೆ ಯಾವ ಕೂದಲೂ ಮಲಗಿರುವುದಿಲ್ಲ. ಎರಡು ಸುಳಿಯಿದ್ದರೆ ಅಂಥ ಜಾಗಗಳು ಎರಡು. ಕೂದಲು ಒದ್ದೆಯಾಗಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಚರ್ಮ ಇನ್ನಷ್ಟು ತೆರೆದುಕೊಳ್ಳುತ್ತದೆ. ಎಣ್ಣೆ ಹಚ್ಚಿದರೂ ಹಾಗೆಯೇ. ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಯಾರ ತಲೆಯೂ ಸರಿಯಾಗಿ ಒಣಗುವುದಿಲ್ಲ, ಆ ಕಾಲದ ಕನ್ನಡಿಯನ್ನು ನಂಬಬಾರದು. ಮೇಲಿನಿಂದ ಬೀಳುವ ಬಿಳಿ ದೀಪ, ತೀರಾ ಗಿಡ್ಡ ಕಟಿಂಗ್, ಕಪ್ಪು ಕೂದಲಿಗೂ ತಿಳಿ ಬಣ್ಣದ ಚರ್ಮಕ್ಕೂ ಇರುವ ವ್ಯತ್ಯಾಸ ಇವೆಲ್ಲ ಸೇರಿದರೆ ಇಪ್ಪತ್ತರ ಹುಡುಗನ ಸೊಂಪಾದ ತಲೆಯೂ ಚಿತ್ರದಲ್ಲಿ ಬಯಲಾಗಿ ಕಾಣುತ್ತದೆ.

ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ನಂಬಲಿಲ್ಲ. "ನೀವು ಸಮಾಧಾನಕ್ಕೆ ಹೇಳುತ್ತಿದ್ದೀರಿ ಅಮ್ಮ" ಎಂದ. ಸಾಕ್ಷಿ ಬೇಕಿತ್ತು. ಹಳೆಯ ಆಲ್ಬಂಗಳನ್ನು ಮಂಚದ ಮೇಲೆ ಹರಡಿಕೊಂಡು ಕುಳಿತೆ. ತೊಟ್ಟಿಲು, ನಾಮಕರಣ, ಮೊದಲ ಶಾಲೆ, ಎಲ್ಲದರಲ್ಲೂ ಮುಖವೇ ಮುಖ. ಹಿಂದಿನಿಂದ ಯಾರು ತಾನೇ ಫೋಟೋ ತೆಗೆಯುತ್ತಾರೆ? ಕೊನೆಗೆ ಧರ್ಮಸ್ಥಳದಲ್ಲಿ ಮುಡಿ ಕೊಟ್ಟ ದಿನದ್ದು ಒಂದು ಸಿಕ್ಕಿತು. ಮೈದುನನ ಹೆಗಲ ಮೇಲೆ ಕುಳಿತ ಮಗು ಬೇರೆಲ್ಲೋ ತಿರುಗಿಕೊಂಡಿದೆ, ಬೋಳಿಸಿದ ತಲೆಯ ಹಿಂಭಾಗ ಪೂರ್ತಿ ಕ್ಯಾಮೆರಾದ ಕಡೆಗಿದೆ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಎರಡು ಕಡೆ ಸುತ್ತಿಕೊಂಡದ್ದು ಗೆರೆ ಎಳೆದಷ್ಟು ಸ್ಪಷ್ಟ. ಅದನ್ನೂ ಅವನು ಕಳಿಸಿದ್ದನ್ನೂ ಪಕ್ಕಪಕ್ಕ ಇಟ್ಟು ಕಳಿಸಿದೆ. ಅವನು ಬಯಲಾಗುತ್ತಿದೆ ಎಂದು ಗುರುತು ಹಾಕಿದ್ದ ಎರಡು ಜಾಗಗಳೂ ಅವೇ.

ಆ ಚಿತ್ರದಲ್ಲಿ ಮಗುವನ್ನು ಹೊತ್ತ ಮೈದುನನ ತಲೆಯ ಬಗ್ಗೆಯೂ ಹೇಳಬೇಕು. ಮಾವ ತೀರಿಕೊಂಡ ವರ್ಷ ಭಾಗಮಂಡಲದ ಸಂಗಮದಲ್ಲಿ ಮೂವರು ಅಣ್ಣತಮ್ಮಂದಿರೂ ಕೇಶಮುಂಡನ ಮಾಡಿಸಿಕೊಂಡರು. ಕಾವೇರಿ, ಕನ್ನಿಕೆ ಸೇರುವಲ್ಲಿ, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತದೆ ಎಂದು ನಂಬುವ ಆ ಜಾಗದಲ್ಲಿ, ಪಿಂಡ ಬಿಡುವ ಮುನ್ನ ಮೂವರೂ ಸಾಲಾಗಿ ತಲೆ ತಗ್ಗಿಸಿ ಕುಳಿತಿದ್ದರು. ನಾವು ಹೆಂಗಸರು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆವು. ದೊಡ್ಡ ಬಾವನ ನೆತ್ತಿ ಮೂವತ್ತು ದಾಟುವಾಗಲೇ ಬಯಲಾಗಿತ್ತು, ಅಲ್ಲಿ ಬೋಳಿಸಲು ಹೆಚ್ಚೇನೂ ಇರಲಿಲ್ಲ. ನನ್ನ ಗಂಡನಿಗೆ ಹಣೆಯ ಎರಡು ಮೂಲೆಗಳು ಮಾತ್ರ ಹಿಂದೆ ಸರಿದಿದ್ದವು. ಕಿರಿಯ ಮೈದುನನಿಗೆ ನಲವತ್ತು ದಾಟಿದರೂ ತಲೆ ತುಂಬ ಕೂದಲಿತ್ತು, ಅವನ ನೆತ್ತಿಯಲ್ಲಿ ನನ್ನ ಮಗನ ಹಾಗೆಯೇ ಎರಡು ಸುಳಿ. ದೊಡ್ಡ ಬಾವನಿಗೆ ಇದ್ದದ್ದು ಒಂದೇ ಸುಳಿ. ಒಂದೇ ತಾಯಿಯ ಮಕ್ಕಳು, ಒಂದೇ ಬಾವಿಯ ನೀರು ಮಿಂದವರು, ಒಂದೇ ಡಬ್ಬಿಯ ಎಣ್ಣೆ ಹಚ್ಚಿಕೊಂಡವರು. ಒಂದು ಮನೆಯ ನಿದರ್ಶನದಿಂದ ವಿಜ್ಞಾನ ಆಗುವುದಿಲ್ಲ, ನಿಜ. ಆದರೂ ಸುಳಿಗೂ ಬೊಕ್ಕತಲೆಗೂ ಗಂಟು ಹಾಕುವವರಿಗೆ ತೋರಿಸಲು ನನಗೆ ಆ ಸಾಲೇ ಸಾಕು.

ಗಂಡಸರ ಬೊಕ್ಕತಲೆಯ ದಾರಿ ಬೇರೆಯೇ. ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್ ಒಂದು ಕಿಣ್ವದ ಮೂಲಕ ಡಿಎಚ್‌ಟಿ ಎಂಬ ಇನ್ನಷ್ಟು ಪ್ರಬಲ ರೂಪಕ್ಕೆ ಬದಲಾಗುತ್ತದೆ. ಹಣೆಯ ಅಂಚು ಮತ್ತು ನೆತ್ತಿಯ ರೋಮಕೂಪಗಳಿಗೆ ವಂಶದಿಂದ ಅದರ ಸೂಕ್ಷ್ಮತೆ ಬಂದಿದ್ದರೆ ಅವು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತವೆ. ದಪ್ಪ ಕೂದಲು ತೆಳುವಾಗುತ್ತದೆ, ಉದ್ದ ಬೆಳೆಯುವ ಮೊದಲೇ ಉದುರುತ್ತದೆ, ಕೊನೆಗೆ ಎಳೆಮಗುವಿನ ರೋಮದಷ್ಟು ನವುರಾಗಿ ಕಣ್ಣಿಗೆ ಕಾಣದಂತಾಗುತ್ತದೆ. ಕಿವಿಯ ಮೇಲಿನ ಮತ್ತು ಹಿಂದಲೆಯ ಕೂದಲಿಗೆ ಆ ಸೂಕ್ಷ್ಮತೆ ಇಲ್ಲ, ಆದ್ದರಿಂದಲೇ ದೊಡ್ಡ ಬಾವನಿಗೆ ಅಲ್ಲಿ ಇಂದಿಗೂ ಒತ್ತಾಗಿದೆ. ಹಾರ್ಮೋನಿನ ಪಾತ್ರವನ್ನು ಮೊದಲು ತೋರಿಸಿಕೊಟ್ಟವರು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಪ್ರಾಯಕ್ಕೆ ಮೊದಲೇ ವೃಷಣ ಕಳೆದುಕೊಂಡವರು ಬೊಕ್ಕರಾಗುವುದಿಲ್ಲ, ಅವರಿಗೆ ಟೆಸ್ಟೋಸ್ಟಿರೋನ್ ಕೊಟ್ಟರೆ ವಂಶದಲ್ಲಿ ಇದ್ದವರಿಗೆ ಕೂದಲು ಹೋಗುತ್ತದೆ ಎಂದು ಅವರು ಕಂಡರು. ಬೊಕ್ಕತಲೆಯ ಹಂತಗಳನ್ನು ಅವರು 1951ರಲ್ಲಿ ವಿಂಗಡಿಸಿದರು, ಅಮೆರಿಕದ ವೈದ್ಯ ನಾರ್ವುಡ್ 1975ರಲ್ಲಿ ತಿದ್ದಿದರು. ಚರ್ಮರೋಗ ವೈದ್ಯರು ಇಂದಿಗೂ ಬಳಸುವುದು ಆ ಪಟ್ಟಿಯನ್ನೇ.

ಸೋದರಮಾವನ ತಲೆ ನೋಡಿ ಅಳಿಯನ ತಲೆ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ ವಂಶವಾಹಿ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ. ಆದರೆ 2017ರಲ್ಲಿ ಬ್ರಿಟನ್ನಿನ 52 ಸಾವಿರಕ್ಕೂ ಹೆಚ್ಚು ಗಂಡಸರ ಮಾಹಿತಿಯನ್ನು ಪರಿಶೀಲಿಸಿದಾಗ ಬೊಕ್ಕತಲೆಗೆ ಸಂಬಂಧಿಸಿದ 287 ವಂಶವಾಹಿ ಸುಳಿವುಗಳು ಸಿಕ್ಕವು, ಅವುಗಳಲ್ಲಿ 40 ಮಾತ್ರ ಎಕ್ಸ್ ಕ್ರೋಮೋಸೋಮಿನವು. ಉಳಿದವು ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು. ಯಾರ ಕಡೆಯಿಂದ ಬಂತು ಎಂದು ಮನೆಯಲ್ಲಿ ಜಗಳವಾಡುವುದು ವ್ಯರ್ಥ.

ಮೂರನೆಯ ಸಂಗತಿ ನನಗೆ ಹೊಳೆದದ್ದು ಮಗ ಹುತ್ತರಿ ರಜೆಗೆ ಮನೆಗೆ ಬಂದಾಗ. ದಿಂಬಿನ ಮೇಲೆ, ಸ್ನಾನದ ಮನೆಯ ಮೂಲೆಯಲ್ಲಿ ಗುಪ್ಪೆಗಟ್ಟಲೆ ಕೂದಲು. ಸುಳಿಯ ವಿಷಯ ಇತ್ಯರ್ಥವಾದರೂ ಇದು ಸುಳ್ಳಲ್ಲ, ಅವನ ಕೂದಲು ನಿಜವಾಗಿ ಉದುರುತ್ತಿತ್ತು. "ಹಾಸ್ಟೆಲ್ ನೀರಿನಿಂದ" ಎಂದು ಅವನು ಹೇಳುತ್ತಿದ್ದ. ನಾನು ತಿಂಗಳು ಎಣಿಸಿದೆ. ಆಗಸ್ಟ್‌ನಲ್ಲಿ ಅವನಿಗೆ ಡೆಂಗಿ ಬಂದು ಹಾಸಿಗೆ ಹಿಡಿದಿದ್ದ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಕೆಲವು ವಾರ ನಿಂತು, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ, ಅದೇ ಕೂಪದಿಂದ ಹೊಸದು ಬರುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಹೋಗುವುದು ಸಹಜ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು ಇಂಥ ಆಘಾತವಾದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಅವು ಉದುರುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ತಪ್ಪು ನೀರಿನ ಮೇಲೋ ಶಾಂಪೂವಿನ ಮೇಲೋ ಬೀಳುತ್ತದೆ. ಕೂಪ ಜೀವಂತವಾಗಿರುವುದರಿಂದ ಈ ಥರ ಹೋದ ಕೂದಲು ಸಾಮಾನ್ಯವಾಗಿ ಆರು ತಿಂಗಳೊಳಗೆ ಮರಳತೊಡಗುತ್ತದೆ. ಕೋವಿಡ್ ಬಂದು ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇವೆ.

ಮಡಿಕೇರಿಯಲ್ಲಿ ಚರ್ಮರೋಗ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಮೊದಲು ಮಾಡಿದ್ದು ಮಾತಾಡಿಸುವುದು. "ಯಾವಾಗಿನಿಂದ ಅಪ್ಪಾ? ಅದಕ್ಕೆ ಮೂರು ತಿಂಗಳು ಮುಂಚೆ ಏನಾಗಿತ್ತು?" ಎಂದು ಕೇಳಿದರು. ಆಮೇಲೆ ಐವತ್ತು ಅರವತ್ತು ಕೂದಲಿನ ಒಂದು ಗೊಂಚಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದರು, ಹೀಗೆ ತಲೆಯ ಬೇರೆ ಬೇರೆ ಕಡೆ. ಉದುರಿದ್ದವುಗಳ ತುದಿಯಲ್ಲಿ ಬಿಳಿ ಗುಂಡು ಇರುವುದನ್ನು ತೋರಿಸಿದರು, ವಿಶ್ರಾಂತಿ ಮುಗಿಸಿ ಬಂದ ಕೂದಲಿನ ಗುರುತು ಅದು. ನಂತರ ಡರ್ಮೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯನ್ನು ನೆತ್ತಿಗೆ ಒತ್ತಿ ಹಿಡಿದು ಪರದೆಯಲ್ಲಿ ನಮಗೂ ತೋರಿಸಿದರು. ಒಂದೊಂದು ರಂಧ್ರದಿಂದ ಎರಡು ಮೂರು ಕೂದಲು ಜೊತೆಯಾಗಿ ಎದ್ದಿದ್ದವು, ಎಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪ. "ವಂಶದ ಬೊಕ್ಕತಲೆ ಶುರುವಾಗಿದ್ದರೆ ದಪ್ಪ, ತೆಳು, ಅತಿ ತೆಳು ಎಲ್ಲ ಬೆರೆತು ಕಾಣುತ್ತಿತ್ತು ಟೀಚರ್. ನೆತ್ತಿಯಲ್ಲಿ ಹಾಗಿಲ್ಲ" ಎಂದರು. ಹಣೆಯ ಬಲಮೂಲೆಯಲ್ಲಿ ಮಾತ್ರ ಕೆಲವು ತೆಳು ಎಳೆಗಳು ಕಂಡವು. ಅದು ಪ್ರಾಯಕ್ಕೆ ಬರುವಾಗ ಹೆಚ್ಚಿನ ಗಂಡಸರ ಹಣೆಗೆರೆಯಲ್ಲಿ ಆಗುವ ಬದಲಾವಣೆಯೋ, ಅಪ್ಪನ ದಾರಿಯ ಆರಂಭವೋ ಎಂದು ಹೇಳಲು ಇನ್ನೂ ಕಾಲ ಬೇಕು ಎಂದರು. ರಕ್ತ ಪರೀಕ್ಷೆ ಬರೆದುಕೊಟ್ಟರು: ಹಿಮೋಗ್ಲೋಬಿನ್, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್, ಥೈರಾಯ್ಡ್. ಮಗ ಗೆಳೆಯರ ಮಾತು ಕೇಳಿ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಮಾತ್ರೆ ನುಂಗುತ್ತಿದ್ದ. ಪರೀಕ್ಷೆಗೆ ಮೊದಲು ಅದನ್ನು ನಿಲ್ಲಿಸಲು ಹೇಳಿದರು. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಸೇರಿದಂತೆ ಕೆಲವು ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು, ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ದಾರೆ. ಸರಿಯಾಗಿ ಉಣ್ಣುವವರಲ್ಲಿ ಬಯೋಟಿನ್ ಕೊರತೆ ಅಪರೂಪ.

ಆ ಮಾತ್ರೆಗೆ ಅವನು ಊಟದ ಹಣ ಉಳಿಸಿ ಕೊಟ್ಟಿದ್ದ ಎಂದು ತಿಳಿದಾಗ ನನಗೆ ಬಂದ ಸಿಟ್ಟು ಅವನ ಮೇಲಲ್ಲ. ಹೆದರಿದ ಹುಡುಗರ ಜೇಬಿಗೆ ಕೈ ಹಾಕುವವರು ಎಷ್ಟೊಂದು ಜನ! ಮೊಬೈಲ್ ತೆರೆದರೆ ಹತ್ತು ದಿನದಲ್ಲಿ ಕೂದಲು ಎನ್ನುವ ವಿಡಿಯೊ, ಮೈಸೂರಿಗೆ ಹೊರಟರೆ ದಾರಿಯುದ್ದಕ್ಕೂ ಗಿಡಮೂಲಿಕೆ ಎಣ್ಣೆಯ ಬಾಟಲಿ. ತೆಂಗಿನೆಣ್ಣೆ ನಮ್ಮ ಮನೆಯಲ್ಲೂ ಇದೆ, ನಾನೂ ಹಚ್ಚುತ್ತೇನೆ. ಅದು ಕೂದಲಿನ ಎಳೆಯೊಳಗೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಎಳೆ ತುಂಡಾಗುವುದು ಕಡಿಮೆಯಾಗುತ್ತದೆ. ಕಿರಿದಾಗುತ್ತಿರುವ ಕೂಪವನ್ನು ಹಿಗ್ಗಿಸುವ ಶಕ್ತಿ ಅದಕ್ಕಿಲ್ಲ. ನೀರೂ ಅಷ್ಟೇ, ಗಡಸು ನೀರಿನಿಂದ ಕೂದಲು ಒರಟಾಗಬಹುದು, ಆದರೆ ವಂಶದ ಬೊಕ್ಕತಲೆಗೆ ಅದು ಕಾರಣವಲ್ಲ.

ನಿಜವಾಗಿ ತೆಳುವಾಗುತ್ತಿದ್ದರೆ ತಡಮಾಡಬಾರದು ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ಸುಳಿಯ ಕೇಂದ್ರ ವರ್ಷಾನುವರ್ಷ ಒಂದೇ ಅಳತೆಯಲ್ಲಿ ಇರುತ್ತದೆ. ಬಯಲು ಹಿಗ್ಗುತ್ತಾ ಹೋದರೆ, ಸುಳಿಯ ಸುತ್ತಿನ ತಿರುವೇ ಮಸುಕಾದರೆ, ಅಲ್ಲಿನ ಕೂದಲು ಹಿಂದಲೆಯ ಕೂದಲಿಗಿಂತ ಬೆರಳಿಗೆ ನವುರಾಗಿ ಸಿಕ್ಕರೆ ಅದು ವೈದ್ಯರಿಗೆ ತೋರಿಸಬೇಕಾದ ಸಂಗತಿ. ನುಣ್ಣಗೆ ದುಂಡಗೆ ಒಂದೇ ಕಡೆ ಹೋಗಿದ್ದರೆ, ಜನ ಹುಳ ತಿಂದಿದೆ ಎನ್ನುವ ಆ ತೊಂದರೆ ಇನ್ನೊಂದೇ ರೋಗ. ತುರಿಕೆ, ಹೊಟ್ಟು, ಕೀವು ಇದ್ದರೂ ಕಾಯಬಾರದು. ವಂಶದ ಬೊಕ್ಕತಲೆಗೆ ವೈದ್ಯರು ಕೊಡುವ ಮದ್ದುಗಳಲ್ಲಿ ಒಂದಾದ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು, ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಹಚ್ಚುವ ದ್ರವವಾಗಿ ಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಶುರುವಿನ ವಾರಗಳಲ್ಲಿ ಉದುರುವುದು ಹೆಚ್ಚಬಹುದು, ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಗಳಿಸಿದ್ದು ಹೋಗುತ್ತದೆ. ಡಿಎಚ್‌ಟಿಯನ್ನು ತಗ್ಗಿಸುವ ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ ಅಲ್ಲಿ ಒಪ್ಪಿಗೆ ಬಂತು. ಕೆಲವರಲ್ಲಿ ಲೈಂಗಿಕ ತೊಂದರೆ, ಮನಸ್ಸಿನ ಕುಗ್ಗುವಿಕೆಯಂಥ ಅಡ್ಡಪರಿಣಾಮಗಳಿರುವುದರಿಂದ ಗೆಳೆಯನ ಚೀಟಿ ತೋರಿಸಿ ಅದನ್ನು ಕೊಳ್ಳಬಾರದು. ಗರ್ಭಿಣಿಯರು ಅದರ ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು. ಈ ಮದ್ದುಗಳು ಇದ್ದುದನ್ನು ಉಳಿಸುವುದರಲ್ಲಿ ಗಟ್ಟಿ, ಪೂರ್ತಿ ಹೋದುದನ್ನು ತರುವುದರಲ್ಲಿ ದುರ್ಬಲ. ಕೂದಲು ಕಸಿಯ ಬಗ್ಗೆ ಕೇಳಿದ್ದಕ್ಕೆ ವೈದ್ಯರು ಇಪ್ಪತ್ತರಲ್ಲಿ ಬೇಡವೇ ಬೇಡ ಎಂದರು. ಸುತ್ತಲಿನ ಕೂದಲು ಮುಂದೆ ಹೋದರೆ ನಟ್ಟದ್ದು ಮಾತ್ರ ನಡುವೆ ಒಂಟಿಯಾಗಿ ಉಳಿಯುತ್ತದೆ. ನೆತ್ತಿಯಲ್ಲಿ ನೆಡುವವರು ಹುಟ್ಟು ಸುಳಿಯ ತಿರುವನ್ನೇ ಅನುಸರಿಸಬೇಕು, ಇಲ್ಲದಿದ್ದರೆ ನೋಡಿದೊಡನೆ ಕೃತಕ ಎನಿಸುತ್ತದೆ.

ಹೆಣ್ಣುಮಕ್ಕಳ ಮಾತು ಬಂದರೆ ಎಲ್ಲರೂ ದನಿ ತಗ್ಗಿಸುತ್ತಾರೆ. ಅವರಿಗೆ ಹಣೆಗೆರೆ ಉಳಿದು ಬೈತಲೆಯೇ ಅಗಲವಾಗುತ್ತಾ ಹೋಗುತ್ತದೆ, ಚರ್ಮರೋಗ ವೈದ್ಯ ಲುಡ್ವಿಗ್ 1977ರಲ್ಲಿ ಇದಕ್ಕೆ ಬೇರೆಯೇ ವರ್ಗೀಕರಣ ಮಾಡಿದರು. ಬಿಗಿಯಾಗಿ ಎಳೆದು ಕಟ್ಟಿದ ಜಡೆಯಿಂದ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗಬಹುದು. ಹೆರಿಗೆಯ ನಂತರ ನನಗೇ ಕೈತುಂಬ ಉದುರಿತ್ತು, ಮಗುವಿನ ದೃಷ್ಟಿ ತಾಗಿದೆ ಎಂದು ಅಕ್ಕಪಕ್ಕದವರು ಹೇಳಿದ್ದರು, ವರ್ಷ ತುಂಬುವಾಗ ಮರಳಿ ಬಂತು. ರಕ್ತಹೀನತೆ, ಥೈರಾಯ್ಡ್, ತಿಂಗಳ ಮುಟ್ಟಿನ ಏರುಪೇರು ಇವು ಹುಡುಗಿಯರಲ್ಲಿ ಹೆಚ್ಚು, ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗುವುದು ಮಾತ್ರ ಕಡಿಮೆ. ಇದು ನನಗೆ ನೋವಿನ ಸಂಗತಿ.

ಮಗನ ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ ಸ್ವಲ್ಪ ಕಡಿಮೆ ಬಂತು, ಉಳಿದದ್ದು ಸರಿಯಿತ್ತು. ಕಬ್ಬಿಣದ ಮಾತ್ರೆ ಕೊಟ್ಟರು, ತಲೆಗೆ ಏನೂ ಕೊಡಲಿಲ್ಲ. ಮಂಗಳೂರಿಗೆ ಮರಳುವ ಮುನ್ನ ಅವನು ಚಿಕ್ಕಂದಿನಿಂದ ಹೋಗುತ್ತಿದ್ದ ಸಲೂನಿಗೆ ಹೋದ. ಅಲ್ಲಿನವರು ತಲೆ ಮುಟ್ಟಿದೊಡನೆ, "ಮಂಗಳೂರಿನಲ್ಲಿ ಯಾರಪ್ಪಾ ಇಷ್ಟು ಗಿಡ್ಡ ಮಾಡಿದ್ದು? ನಿನ್ನದು ಎರಡು ಸುಳಿಯ ತಲೆ, ಹಿಂದೆ ಎರಡು ಬೆರಳು ಉದ್ದ ಬಿಡಬೇಕು" ಎಂದರಂತೆ. ಸುಳಿಯ ದಿಕ್ಕಿಗೇ ಕತ್ತರಿ ಓಡಿಸಿ, ನೆತ್ತಿಯಲ್ಲಿ ಉದ್ದ ಉಳಿಸಿ ಕಳಿಸಿದರು. ಇಪ್ಪತ್ತು ವರ್ಷಗಳಿಂದ ಆ ತಲೆಯನ್ನು ಕಂಡವರ ಕೈ ಅದು. ವೈದ್ಯರ ಪರದೆಯಲ್ಲಿ ಕಂಡ ಚಿತ್ರ ನನ್ನ ಅನುಮಾನ ಕಳೆದಿತ್ತು, ಮಗನ ಮುಖ ಸಡಿಲವಾದದ್ದು ಈ ಮಾತು ಕೇಳಿ ಬಂದ ಮೇಲೆ.

ವೈದ್ಯರು ಹೇಳಿದಂತೆ ಈಗ ಆರು ತಿಂಗಳಿಗೊಮ್ಮೆ ಫೋಟೋ ತೆಗೆಯುತ್ತೇವೆ. ಮನೆಯ ಅದೇ ಕಿಟಕಿಯ ಬಳಿ, ಬೆಳಗಿನ ಬೆಳಕಿನಲ್ಲಿ, ಎಣ್ಣೆ ಹಚ್ಚದ ಒಣ ಕೂದಲಿನಲ್ಲಿ, ಕೂದಲಿನ ಉದ್ದ ಸುಮಾರು ಒಂದೇ ಇರುವಾಗ. ನೆತ್ತಿಯದ್ದು ಒಂದು, ಹಣೆಯ ಎರಡು ಮೂಲೆಯದ್ದು ಒಂದೊಂದು. ಈ ನಡುವೆ ಎಷ್ಟೇ ಆಸೆಯಾದರೂ ನೋಡಿಕೊಳ್ಳುವುದಿಲ್ಲ ಎಂದು ಅವನು ಒಪ್ಪಿಕೊಂಡಿದ್ದಾನೆ, ಏಕೆಂದರೆ ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರಿನಷ್ಟು, ದಿನಕ್ಕೆ ಮೂರು ಬಾರಿ ನೋಡಿದರೆ ಭಯ ಮಾತ್ರ ಬೆಳೆಯುತ್ತದೆ. ಹಣೆಯ ಬಲಮೂಲೆ ಏನಾಗುತ್ತದೋ ಮುಂದಿನ ಫೋಟೋ ಹೇಳಬೇಕು. ಅದು ನಿಜವಾಗಿ ಹಿಂದೆ ಸರಿದರೆ ಮತ್ತೆ ಅದೇ ವೈದ್ಯರ ಬಳಿ ಹೋಗುವುದೆಂದು ಮಾತಾಗಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಲ್ಲಿ ನನ್ನದೊಂದು ವಿನಂತಿ: ಮುಡಿ ಕೊಟ್ಟ ದಿನ, ಅಥವಾ ಯಾವಾಗಲಾದರೂ ಕೂದಲು ಗಿಡ್ಡವಾಗಿರುವಾಗ, ಹಿಂದಿನಿಂದಲೂ ಒಂದು ಫೋಟೋ ತೆಗೆದು, ಎಷ್ಟು ಸುಳಿ, ಎಲ್ಲೆಲ್ಲಿ ಎಂದು ಬರೆದಿಡಿ. ಮಗು ಸ್ವಲ್ಪ ದೊಡ್ಡದಾದಾಗ ಎರಡು ಕನ್ನಡಿ ಹಿಡಿದು ಅದಕ್ಕೇ ತೋರಿಸಿ.